ಹದಿನೈದು ರೂಪಾಯಿಗೆ ಒಂದು ರಾಜಕುಮಾರ್ ಸಿನಿಮಾ



ಅಗ್ಗಕ್ಕೆ ಸಿಕ್ಕಿತೆಂದು ತಂದ ಸಾಮಾನು ಮನೆಗೆ ಬಂದ ಮೇಲೆ ದುಬಾರಿಯಾಗುವುದು ನಮಗೆ ಹೊಸದೇನಲ್ಲ. ಕಿಲೋಗೆ ಎರಡು ರೂಪಾಯಿ ಕಡಿಮೆ ಎಂದು ತಂದ ಅಕ್ಕಿಯಲ್ಲಿ ಕಲ್ಲು ಆರಿಸಿ ಆರಿಸಿ ಸೊಂಟ ಹಿಡಿಸಿಕೊಂಡವರು ನಾವು. ಒಂದಕ್ಕೊಂದು ಉಚಿತ ಅಂತ ತಂದ ಸೀರೆ ಮೊದಲ ಒಗೆತಕ್ಕೇ ಬಣ್ಣ ಬಿಟ್ಟು ಯಜಮಾನರ ಬಿಳಿ ಪಂಚೆಗಳನ್ನೆಲ್ಲ ಗುಲಾಬಿ ಮಾಡಿದ ಕಥೆಯನ್ನು ಇದೇ ಅಂಕಣದಲ್ಲಿ ಹಿಂದೊಮ್ಮೆ ಹೇಳಿದ್ದೆ. ಅಷ್ಟಾದರೂ ಬುದ್ಧಿ ಬಂತೇ? ಇಲ್ಲ ನೋಡಿ. ಈ ಸಲ ನಾನು ಅಗ್ಗಕ್ಕೆ ತಂದದ್ದು ಸಿನಿಮಾ. ಒಂದಲ್ಲ, ಎರಡಲ್ಲ, 22 ಸಿನಿಮಾ. ಎಲ್ಲವೂ ನಮ್ಮ ಡಾಕ್ಟರ್ ರಾಜಕುಮಾರ್ ಅವರವು. ಹಾಗಂತ ಅಂಗಡಿಯವನು ಹೇಳಿದ.

ನಡೆದದ್ದು ಹೀಗೆ. ನಮ್ಮತ್ತೆಗೆ ಹೋದ ವರ್ಷ ಎರಡೂ ಕಣ್ಣಿನ ಪೊರೆ ತೆಗೆಸಿದೆವು. ಆಪರೇಷನ್ ಆದ ಮೇಲೆ ಅವರಿಗೆ ಲೋಕವೇ ಹೊಸದಾಗಿ ಕಾಣಿಸತೊಡಗಿತು. ನನ್ನ ಮುಖ ನೋಡಿ, "ನಿನ್ಗೂ ನರೆ ಬಂದೋಗದಲ್ಲವ್ವ" ಅಂದರು! ಹಿತ್ತಲಿನ ಗೋಡೆಯ ಬಿರುಕು, ಪಾತ್ರೆಯ ತಳದಲ್ಲಿ ಉಳಿದ ಮಸಿ, ಎಲ್ಲ ಕಾಣಿಸತೊಡಗಿದ್ದರಿಂದ ನನಗೆ ಸ್ವಲ್ಪ ಕಷ್ಟವೂ ಆಯಿತೆನ್ನಿ. ಅವರನ್ನು ಕಣ್ಣು ತೋರಿಸಲು ಮೈಸೂರಿಗೆ ಕರೆದುಕೊಂಡು ಹೋಗಿದ್ದೆ. ಭೇರ್ಯದಿಂದ ಬೆಳಗಿನ ಬಸ್ಸು ಹಿಡಿದು, ಕೃಷ್ಣರಾಜನಗರದ ಮೇಲೆ ಹಾದು, ಆಸ್ಪತ್ರೆಯ ಕೆಲಸ ಮುಗಿಸಿದಾಗ ಮಧ್ಯಾಹ್ನ. ಬಸ್ ಸ್ಟ್ಯಾಂಡಿಗೆ ನಡೆದು ಬರುವ ದಾರಿಯಲ್ಲಿ ಒಂದು ಸಣ್ಣ ಸೀಡಿ ಅಂಗಡಿ. "ಅಂಗಡಿ ಖಾಲಿ ಮಾಡುತ್ತಿದ್ದೇವೆ" ಅಂತ ರಟ್ಟಿನ ಮೇಲೆ ಬರೆದು ನೇತು ಹಾಕಿದ್ದ. ಬಾಗಿಲಲ್ಲೇ ಒಂದು ರಟ್ಟಿನ ಪೆಟ್ಟಿಗೆ, ಅದರ ತುಂಬ ಹಳೇ ಸಿನಿಮಾಗಳು. ಮೇಲುಗಡೆಯೇ ಮಯೂರನ ವೇಷದಲ್ಲಿ ರಾಜಕುಮಾರ್.

ಅತ್ತೆ ನಿಂತುಬಿಟ್ಟರು. "ಎಷ್ಟಪ್ಪ?" ಅಂತ ಅವರೇ ಕೇಳಿದರು.

"ಒಂದು ಸಿನಿಮಾಗೆ ಇಪ್ಪತ್ತು ರೂಪಾಯಿ ಅಜ್ಜಿ. ರಾಜಕುಮಾರ್ ಪಿಚ್ಚರ್ ಎಲ್ಲ ಸೇರಿಸಿ ತಗೊಂಡ್ರೆ ಹದಿನೈದು."

"ಅಲ್ಲ ಕಣವ್ವ, ರಾಜಕುಮಾರ್‌ನ ಹದಿನೈದು ರೂಪಾಯಿಗೆ ಮಾರ್ತಾವ್ನಲ್ಲ ಇವನು! ಬುಟ್ಟು ಹೋಗಕ್ಕಾದದಾ?"

ಬಿಟ್ಟು ಹೋಗಲಿಲ್ಲ. 22 ಸಿನಿಮಾಗೆ 330 ರೂಪಾಯಿ. ಹಾಲಿನ ದುಡ್ಡಿನಲ್ಲಿ ನಾನು ಕುಕ್ಕರಿಗೆಂದು ತೆಗೆದಿಟ್ಟಿದ್ದು. ಪೆಟ್ಟಿಗೆಯನ್ನು ದಾರದಲ್ಲಿ ಕಟ್ಟಿಸಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದದ್ದಾಯಿತು.

ನಿಮಗೆ ನೆನಪಿರಬಹುದು, ಒಂದು ಕಾಲದಲ್ಲಿ ಸಿನಿಮಾದ ಸೀಡಿ ಅಂದರೆ ಚಿನ್ನದ ಸಾಮಾನಿನ ಹಾಗೆ. ಅಂಗಡಿಯಲ್ಲಿ ಕೊಳ್ಳುವವರು ಕಡಿಮೆ, ದಿನಕ್ಕಿಷ್ಟು ಅಂತ ಬಾಡಿಗೆಗೆ ತರುವವರೇ ಹೆಚ್ಚು. 2007ರ ಸುಮಾರಿಗೆ ಮೋಸರ್ ಬೇರ್ ಅನ್ನುವ ಕಂಪನಿಯವರು ವೀಸಿಡಿಗೆ 28 ರೂಪಾಯಿ, ಡಿವಿಡಿಗೆ 34 ರೂಪಾಯಿ ಅಂತ ಇಳಿಸಿದರು ನೋಡಿ, ಆಗ ನಮ್ಮಂಥವರ ಮನೆಗೂ ಸಿನಿಮಾ ಬಂತು. ಕಿರಾಣಿ ಅಂಗಡಿಯಲ್ಲಿ ಕೂಡ ಬಿಸ್ಕತ್ತಿನ ಪಕ್ಕ ತೂಗುಹಾಕಿರುತ್ತಿದ್ದರು. ಈಗ ಆ ಕಂಪನಿಯೂ ಇಲ್ಲ, ಬಾಡಿಗೆ ಅಂಗಡಿಗಳೂ ಇಲ್ಲ. ಥಿಯೇಟರುಗಳೇ ಮುಚ್ಚುತ್ತಿರುವಾಗ ಸೀಡಿ ಅಂಗಡಿ ಎಲ್ಲಿ ಉಳಿದೀತು? ಮೈಸೂರಿನ ಶಾಂತಲಾ ಥಿಯೇಟರೇ 2020ರಲ್ಲಿ ಬಾಗಿಲು ಹಾಕಿತಲ್ಲ.

ಮನೆಗೆ ಬಂದರೆ ನಮ್ಮ ಮಗರಾಯ ನಕ್ಕಿದ್ದೇ ನಕ್ಕಿದ್ದು. "ಅಮ್ಮಾ, ಇದೆಲ್ಲ ಮೊಬೈಲಲ್ಲಿ ಪುಕ್ಕಟೆ ಬರುತ್ತೆ. ದುಡ್ಡು ಕೊಟ್ಟು ಕಸ ತಂದಿದ್ದೀಯಲ್ಲ!"

ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಯೂಟ್ಯೂಬಿನಲ್ಲಿ ಹಳೇ ಕನ್ನಡ ಸಿನಿಮಾ ಬೇಕಾದಷ್ಟಿವೆ. ಆದರೆ ಅಂಗೈಯಗಲದ ಮೊಬೈಲಿನಲ್ಲಿ ಎಪ್ಪತ್ತು ದಾಟಿದವರು ಮೂರು ಗಂಟೆ ಸಿನಿಮಾ ನೋಡಲಾದೀತೇ? ನಡುನಡುವೆ ಜಾಹೀರಾತು ಬೇರೆ. ಕಣ್ಣೀರು ಬರುವ ಹೊತ್ತಿಗೆ ಸರಿಯಾಗಿ ಸೋಪಿನ ಪುಡಿಯವನು ಬಂದು ನಿಲ್ಲುತ್ತಾನೆ. ಜೊತೆಗೆ ಮಳೆ ಬಂದರೆ ನಮ್ಮೂರಲ್ಲಿ ನೆಟ್ಟು ಹೋಗುತ್ತೆ. ಮೊಬೈಲು ಮಗನ ಕೈಯಲ್ಲಿ, ಮಗ ಹುಣಸೂರಿನ ಕಾಲೇಜಿನಲ್ಲಿ. ಅತ್ತೆಗೆ ಬೇಕು ಅನ್ನಿಸಿದಾಗ ಹಾಕಿಕೊಡುವವರು ಯಾರು? ಸೀಡಿಯಾದರೆ ನಾನೇ ಹಾಕಬಹುದಲ್ಲ ಅಂದುಕೊಂಡೆ.

ಅಂದುಕೊಂಡದ್ದು ಸರಿಯೇ. ಆದರೆ ಹಾಕುವುದು ಯಾವುದರಲ್ಲಿ?

ಅಟ್ಟದ ಮೇಲೆ ಹಳೇ ಡಿವಿಡಿ ಪ್ಲೇಯರ್ ಇತ್ತು. ಇಳಿಸಿ ಧೂಳು ಒರೆಸಿ ನೋಡಿದರೆ ಲೈಟು ಹತ್ತುತ್ತೆ, ಸೀಡಿ ಹಾಕಿದರೆ "ನೋ ಡಿಸ್ಕ್" ಅನ್ನುತ್ತೆ. ರಿಮೋಟಿನೊಳಗೆ ಸೆಲ್ಲು ಕೊಳೆತು ಹಸಿರಾಗಿತ್ತು. ಕೃಷ್ಣರಾಜನಗರದಲ್ಲಿ ರಿಪೇರಿಗೆ ಕೊಟ್ಟೆ. ಒಳಗಿನ ಲೆನ್ಸಿಗೆ ಧೂಳು ಕೂತಿತ್ತಂತೆ, ಒರೆಸಿ ಸರಿ ಮಾಡಿದ್ದಕ್ಕೆ 250 ರೂಪಾಯಿ. ಹೊಸ ರಿಮೋಟಿಗೆ 120. ತಂದು ಜೋಡಿಸೋಣ ಅಂದರೆ ನಮ್ಮ ಹೊಸ ಟೀವಿಯಲ್ಲಿ ಕೆಂಪು, ಬಿಳಿ, ಹಳದಿ ವೈರು ಚುಚ್ಚುವ ತೂತುಗಳೇ ಇಲ್ಲ! ಅದಕ್ಕೊಂದು ಸಣ್ಣ ಡಬ್ಬಿ ಬರುತ್ತೆ, ಈ ಕಡೆ ಮೂರು ವೈರು ಚುಚ್ಚಿದರೆ ಆ ಕಡೆ ಎಚ್‌ಡಿಎಂಐ ವೈರಿನಲ್ಲಿ ಟೀವಿಗೆ ಹೋಗುತ್ತೆ. ಅದಕ್ಕೆ 400. ಯಜಮಾನರು ಏನೂ ಅನ್ನಲಿಲ್ಲ. ಕ್ಯಾಲೆಂಡರಿನ ಹಿಂದುಗಡೆ ಪೆನ್ಸಿಲಿನಲ್ಲಿ ಕೂಡಿ ಬರೆದಿಟ್ಟರು, ಅಷ್ಟೆ. ಅವರ ಮಾತಿಗಿಂತ ಆ ಪೆನ್ಸಿಲು ಹೆಚ್ಚು ಚುಚ್ಚುತ್ತೆ.

ಆದ್ದರಿಂದ ಸೋದರಿಯರೇ, ಎಲ್ಲಾದರೂ ಇಂಥ ಅಗ್ಗದ ಪೆಟ್ಟಿಗೆ ಕಂಡರೆ ನನ್ನ ಹಾಗೆ ದಿಢೀರನೆ ಎತ್ತಿಕೊಳ್ಳಬೇಡಿ. ನಾನು ದುಡ್ಡು ತೆತ್ತು ಕಲಿತದ್ದನ್ನು ನೀವು ಪುಕ್ಕಟೆ ಕಲಿಯಿರಿ.

ಮೊದಲು ಮನೆಯಲ್ಲಿ ಪ್ಲೇಯರ್ ನಡೆಯುತ್ತದೆಯೇ, ಅದು ಟೀವಿಗೆ ಹೊಂದುತ್ತದೆಯೇ ನೋಡಿಕೊಳ್ಳಿ. ಸೊಪ್ಪು ಕೊಳ್ಳುವ ಮುಂಚೆ ಒಲೆ ಇದೆಯೇ ನೋಡಿದ ಹಾಗೆ.

ಎರಡನೆಯದು, ಅಂಗಡಿಯಲ್ಲೇ ಕವರು ಬಿಚ್ಚಿಸಿ ಸೀಡಿಯ ಹಿಂಬದಿ ನೋಡಿ. ಕಾರ್ಖಾನೆಯಲ್ಲಿ ಅಚ್ಚು ಹಾಕಿದ್ದಾದರೆ ಬೆಳ್ಳಿತಟ್ಟೆಯ ಹಾಗೆ ಬೆಳ್ಳಗೆ ಹೊಳೆಯುತ್ತೆ. ಮನೆಯಲ್ಲಿ ಕಾಪಿ ಮಾಡಿದ್ದಾದರೆ ಸಾಮಾನ್ಯವಾಗಿ ನೀಲಿಯೋ, ನೇರಳೆಯೋ, ಹಸಿರೋ ಛಾಯೆ ಇರುತ್ತೆ. ಒಂದೇ ಡಿವಿಡಿಯಲ್ಲಿ ಐದು ಸಿನಿಮಾ, ಆರು ಸಿನಿಮಾ ಅಂತ ಮಾರುವ ಕಳ್ಳ ಮಾಲಿನಲ್ಲಿ ಚಿತ್ರ ಮಸುಕು. ಅದನ್ನು ಕೊಳ್ಳುವುದು ತಪ್ಪೂ ಹೌದು.

ಮೂರನೆಯದು, ಅದು ವೀಸಿಡಿಯೋ ಡಿವಿಡಿಯೋ ನೋಡಿ. ಒಂದು ವೀಸಿಡಿಯಲ್ಲಿ ಹಿಡಿಯುವುದು ಸುಮಾರು ಒಂದೂಕಾಲು ಗಂಟೆಯ ಚಿತ್ರ. ನಮ್ಮ ಹಳೇ ಸಿನಿಮಾಗಳೋ, ಎರಡೂವರೆ ಮೂರು ಗಂಟೆ! ಹಾಗಾಗಿ ಒಂದು ಸಿನಿಮಾಗೆ ಎರಡು ಅಥವಾ ಮೂರು ಸೀಡಿ ಇರಬೇಕು. ಮೂರೂ ಇವೆಯೇ ಎಣಿಸಿ. ಒಂದು ಕಳೆದರೆ ಗಂಡು ಹೆಣ್ಣು ಒಪ್ಪಿ ಮದುವೆಯೇ ಆಗದ ಹಾಗೆ.

ನಾಲ್ಕನೆಯದು, ಹೆಸರು ಓದಿ. ನನ್ನ 22ರಲ್ಲಿ ಒಂದು ಯಾವುದು ಗೊತ್ತೇ? ಹಿಂದಿಯ 'ಪಾಕೀಜಾ'! ಅದರಲ್ಲಿರುವುದೂ ರಾಜಕುಮಾರ್ ಅವರೇ, ಆದರೆ ಹಿಂದಿಯ ರಾಜಕುಮಾರ್. ಅಂಗಡಿಯವನು ಹೆಸರು ನೋಡಿ ಪೆಟ್ಟಿಗೆಗೆ ತುಂಬಿದ್ದಾನೆ. ಇನ್ನೂ ಮೂರು ಸಿನಿಮಾ ಏನು ಮಾಡಿದರೂ ಓಡಲಿಲ್ಲ. ಕೊನೆಗೆ ಉಳಿದದ್ದು ಹದಿನೆಂಟು.

ಆ ಹದಿನೆಂಟು ಮಾತ್ರ ಹದಿನೆಂಟೇ! 1954ರ 'ಬೇಡರ ಕಣ್ಣಪ್ಪ' ಇತ್ತು, ಅವರು ನಾಯಕರಾಗಿ ಬಂದ ಮೊದಲನೆಯ ಚಿತ್ರ. ಗಾಜನೂರಿನ ಮುತ್ತುರಾಜ ಎಂಬ ನಾಟಕದ ಹುಡುಗ ಅಲ್ಲಿಂದ ರಾಜಕುಮಾರ್ ಆದರು. 2006ರ ಏಪ್ರಿಲ್‌ನಲ್ಲಿ ತೀರಿಕೊಳ್ಳುವ ಹೊತ್ತಿಗೆ ಇನ್ನೂರು ದಾಟಿತ್ತು ಅವರ ಚಿತ್ರಗಳು. ಪೆಟ್ಟಿಗೆ ಕೆದಕುತ್ತಾ ಹೋದರೆ ನಮ್ಮ ಸುತ್ತುಮುತ್ತಲಿನವರೇ ಸಿಗುತ್ತಾರೆ ನೋಡಿ. 'ಸತ್ಯ ಹರಿಶ್ಚಂದ್ರ' (1965), 'ಭಕ್ತ ಕುಂಬಾರ' (1974), 'ಬಭ್ರುವಾಹನ' (1977) ಈ ಮೂರನ್ನೂ ನಿರ್ದೇಶಿಸಿದವರು ಹುಣಸೂರು ಕೃಷ್ಣಮೂರ್ತಿಯವರು. 'ಕರುಳಿನ ಕರೆ' (1970), 'ಸಾಕ್ಷಾತ್ಕಾರ' (1971) ನಿರ್ದೇಶಿಸಿದ ಪುಟ್ಟಣ್ಣನವರ ಕಣಗಾಲು ಪಿರಿಯಾಪಟ್ಟಣ ತಾಲ್ಲೂಕಿನದು. ಮಗನಿಗೆ ಇದನ್ನು ಹೇಳಿದಾಗ ಅವನ ನಗು ಸ್ವಲ್ಪ ಕಡಿಮೆಯಾಯಿತು. ಹುಣಸೂರಿನಲ್ಲೇ ಓದುತ್ತಾನಲ್ಲ!

ಕಪ್ಪು ಬಿಳುಪು ಬೇಡ, ಬಣ್ಣದ್ದೇ ಬೇಕು ಅನ್ನುವ ಮಕ್ಕಳಿದ್ದರೆ ಒಂದು ಮಾತು. 'ಸತ್ಯ ಹರಿಶ್ಚಂದ್ರ'ಕ್ಕೆ ಬಣ್ಣ ಹಾಕಿ 2008ರಲ್ಲಿ ಮತ್ತೆ ಬಿಡುಗಡೆ ಮಾಡಿದರು, 1971ರ 'ಕಸ್ತೂರಿ ನಿವಾಸ'ಕ್ಕೆ ಹಾಗೆಯೇ 2014ರಲ್ಲಿ. ಕವರಿನಲ್ಲಿ ಯಾವುದೆಂದು ನೋಡಿ ತೆಗೆದುಕೊಳ್ಳಿ. ನಮ್ಮತ್ತೆಗೆ ಮಾತ್ರ ಕಪ್ಪು ಬಿಳುಪೇ ಇಷ್ಟ. "ಬಣ್ಣ ಬಳ್ದುಬುಟ್ರೆ ಬಡವ ಕೂಡ ಸಾವ್ಕಾರನಂಗೆ ಕಾಣ್ತಾನೆ" ಅನ್ನುತ್ತಾರೆ.

ಇಷ್ಟೆಲ್ಲ ಪೀಠಿಕೆ ಹಾಕಿದ್ದು ಒಂದು ಸಿನಿಮಾದ ಮಾತಿಗೆ. ಅದು 'ಬಂಗಾರದ ಮನುಷ್ಯ'.

ಪೆಟ್ಟಿಗೆಯಿಂದ ಅದನ್ನು ಹೊರಗೆ ತೆಗೆದ ಕೂಡಲೇ ಅತ್ತೆ ಕೈ ಚಾಚಿ ಇಸಿದುಕೊಂಡರು. "ಇದ್ನ ನಾನು ಪೂರ್ತಿ ಕಂಡಿಲ್ಲ ಕಣವ್ವ" ಅಂದರು.

ನನಗೆ ನಂಬಿಕೆಯಾಗಲಿಲ್ಲ. 1972ರಲ್ಲಿ ಬಂದ ಚಿತ್ರ. ಟಿ. ಕೆ. ರಾಮರಾಯರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ, ಬೆಂಗಳೂರಿನ ಸ್ಟೇಟ್ಸ್ ಥಿಯೇಟರಿನಲ್ಲಿ ಎರಡು ವರ್ಷ ಓಡಿದ್ದು. ಅದನ್ನು ನೋಡಿ ಪಟ್ಟಣ ಬಿಟ್ಟು ಹಳ್ಳಿಗೆ ಬೇಸಾಯಕ್ಕೆ ಬಂದವರಿದ್ದಾರೆ ಅಂತ ಹೇಳುತ್ತಾರೆ. ಮಾತು ಬಂದರೆ ಅತ್ತೆ, "ರಾಜೀವ ಇದ್ದಂಗಿರಬೇಕು" ಅಂತ ಇದೇ ಸಿನಿಮಾದ ಉದಾಹರಣೆ ಕೊಡುವವರು! ಅವರೇ ನೋಡಿಲ್ಲವೇ?

ಆಗ ಹೇಳಿದರು. ಸಿನಿಮಾ ನಮ್ಮ ಕಡೆ ಟೆಂಟಿಗೆ ಬರುವ ಹೊತ್ತಿಗೆ ಒಂದೆರಡು ವರ್ಷ ಕಳೆದಿತ್ತಂತೆ. ಅತ್ತೆಗೆ ಇಪ್ಪತ್ತೋ ಇಪ್ಪತ್ತೊಂದೋ. ಕಂಕುಳಲ್ಲಿ ವರ್ಷದ ಕೂಸು. ಎತ್ತಿನಗಾಡಿ ಕಟ್ಟಿಕೊಂಡು ಮನೆಯ ಹೆಂಗಸರೆಲ್ಲ ಹೋಗಿದ್ದರಂತೆ. ಗಾಡಿ ಹೊಡೆದದ್ದು ಅವರ ಮೈದುನ, ನನಗೆ ಚಿಕ್ಕಮಾವ, ಆಗ ಹದಿನಾಲ್ಕರ ಹುಡುಗ. ನೆಲದ ಟಿಕೆಟ್ಟು. ಟೆಂಟಿನಲ್ಲಿ ಒಂದೇ ಮಿಷನ್ನು, ರೀಲು ಬದಲಿಸುವಾಗಲೆಲ್ಲ ನಿಲ್ಲಿಸುತ್ತಿದ್ದರಂತೆ, ಆಗೆಲ್ಲ ಕಡ್ಲೆಕಾಯಿಯವನು ಬರುತ್ತಿದ್ದನಂತೆ. ಸಿನಿಮಾದಲ್ಲಿ ಭಾರತಿ, ಅಂದರೆ ರಾಜೀವನ ಹೆಂಡತಿ ಲಕ್ಷ್ಮಿ, ಸಾಯುತ್ತಾಳಲ್ಲ, ಆ ಹೊತ್ತಿಗೆ ಟೆಂಟಿನಲ್ಲಿದ್ದ ಹೆಂಗಸರೆಲ್ಲ ಗೊಳೋ ಅಂದರಂತೆ. ಕೂಸು ಬೆಚ್ಚಿಬಿದ್ದು ಕಿಟಾರನೆ ಕಿರುಚಿತು. ಎಷ್ಟು ತಟ್ಟಿದರೂ ನಿಲ್ಲದು. ಹಿಂದಿನಿಂದ ಗಂಡಸರು ಕೂಗಾಡಿದರು. ಅತ್ತೆ ಕೂಸನ್ನೆತ್ತಿಕೊಂಡು ಹೊರಗೆ ಬಂದು, ಕತ್ತಲಲ್ಲಿ ಗಾಡಿಯ ಮೇಲೆ ಕೂತು, ಟೆಂಟಿನೊಳಗಿನ ಮಾತನ್ನು ದೂರದಿಂದ ಕೇಳಿಸಿಕೊಂಡರು.

ಮನೆಗೆ ಬರುವ ದಾರಿಯುದ್ದಕ್ಕೂ ಚಿಕ್ಕಮಾವ ಗಾಡಿ ಹೊಡೆಯುತ್ತಾ ಉಳಿದ ಕಥೆ ಹೇಳಿದರಂತೆ. ರಾಜೀವ ತನ್ನ ಅಕ್ಕನ ಮನೆಗಾಗಿ ದುಡಿದು ಸವೆಯುತ್ತಾನೆ, ಕೊನೆಗೆ ಸಾಕಿದ ಅಕ್ಕನ ಮಗನೇ ಅನುಮಾನದ ಮಾತಾಡುತ್ತಾನೆ, ರಾಜೀವ ಒಂದು ಮಾತಾಡದೆ ಮನೆ ಬಿಟ್ಟು ಹೊರಟುಹೋಗುತ್ತಾನೆ. "ಹೇಳ್ತಾ ಹೇಳ್ತಾ ಅವನೇ ಅಳ್ತಿದ್ದ ಕಣವ್ವ, ಎತ್ತು ದಾರಿ ತಪ್ಪಿ ಗದ್ದೆಗಿಳಿದ್ವು" ಅಂದರು ಅತ್ತೆ.

ಆಮೇಲೆ ಟೀವಿಯಲ್ಲಿ ಎಷ್ಟೋ ಸಲ ಬಂತಲ್ಲ ಅಂದೆ. ಬಂತು, ಆದರೆ ಹಾಕುತ್ತಿದ್ದುದು ಹೆಚ್ಚಾಗಿ ಸಂಜೆ. ಕೊನೆ ಬರುವ ಹೊತ್ತಿಗೆ ಸರಿಯಾಗಿ ಹಸು ಕರೆದು ಡೇರಿಗೆ ಹಾಲು ಹಾಕಬೇಕು. ಡೇರಿಯವರು ರಾಜಕುಮಾರ್‌ಗೆಂದು ಕಾಯುತ್ತಾರೆಯೇ? ಹಾಲಿನ ಕ್ಯಾನು ಹಿಡಿದವರಿಗೆ ಸಿನಿಮಾದ ಕೊನೆ ಯಾವತ್ತೂ ಸಿಕ್ಕುವುದಿಲ್ಲ. ನಿಮ್ಮಲ್ಲೂ ಎಷ್ಟು ಜನ ಹೀಗೆ ಅರ್ಧರ್ಧ ಸಿನಿಮಾ ನೋಡಿದ್ದೀರೋ, ಎಣಿಸಿ ನೋಡಿ.

ಅಂದಹಾಗೆ, ಟೆಂಟಿನಲ್ಲಿ ಕಿರುಚಿದ ಆ ಕೂಸು ಯಾರೆಂದು ಊಹಿಸಿದಿರಲ್ಲ? ನಮ್ಮ ಯಜಮಾನರು.

ಇಲ್ಲಿ ಒಂದು ಮನೆಯ ವಿಷಯ ಹೇಳಬೇಕು. ಬರೆಯಲೇ ಅಂತ ಇವರನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರಿ, ಇದ್ದದ್ದನ್ನ ಇದ್ದ ಹಾಗೆ ಬರಿ" ಅಂದರು.

ನಮ್ಮ ಮಾವ ತೀರಿಕೊಂಡಾಗ ಇವರಿಗೆ ಹದಿನೇಳು. ಇಬ್ಬರು ತಂಗಿಯರು. ಆಗ ಗದ್ದೆ, ಕಬ್ಬು, ಸಾಲ, ಎಲ್ಲಕ್ಕೂ ಹೆಗಲು ಕೊಟ್ಟವರು ಚಿಕ್ಕಮಾವ. ಇಬ್ಬರು ನಾದಿನಿಯರ ಮದುವೆ ಮಾಡಿದರು. ನನ್ನನ್ನು ಈ ಮನೆಗೆ ತಂದದ್ದೂ ಅವರೇ. ಹನ್ನೆರಡು ವರ್ಷದ ಹಿಂದೆ ಒಂದು ಸಾಲದ ಲೆಕ್ಕದಲ್ಲಿ ಮಾತು ಬಂತು. ನಾಲ್ಕು ಜನರ ಮುಂದೆ ಇವರು, "ಚಿಕ್ಕಪ್ಪ, ಲೆಕ್ಕ ಕೊಡಿ" ಅಂದುಬಿಟ್ಟರು. ಚಿಕ್ಕಮಾವ ಲೆಕ್ಕದ ಪುಸ್ತಕ ತಂದು ಜಗಲಿಯ ಮೇಲಿಟ್ಟರು. ಮಾರನೆಯ ದಿನ ಹೆಂಡತಿ ಮಗಳನ್ನು ಕರೆದುಕೊಂಡು ಪಿರಿಯಾಪಟ್ಟಣದ ಕಡೆ, ಚಿಕ್ಕತ್ತೆಯ ತವರಿಗೆ ಹೊರಟುಹೋದರು. ಅಲ್ಲಿಂದೀಚೆಗೆ ಮದುವೆ, ತಿಥಿಗಳಲ್ಲಿ ಮುಖ ನೋಡಿದ್ದುಂಟು, ಮಾತಿಲ್ಲ.

ಲೆಕ್ಕ ಸರಿಯಿತ್ತೋ ತಪ್ಪಿತ್ತೋ ನನಗೆ ಇವತ್ತಿಗೂ ತಿಳಿಯದು. ಸಿನಿಮಾದ ರಾಜೀವನಾದರೆ ತಪ್ಪೇ ಮಾಡದವನು. ಮನೆಯಲ್ಲಿ ಇರುವ ನಾವೆಲ್ಲ ಅಷ್ಟು ಬಂಗಾರವಲ್ಲ. ಇವರು ಕೇಳಿದ್ದು ತಪ್ಪೆಂದೂ ನಾನು ಹೇಳಲಾರೆ, ಕೇಳಿದ ರೀತಿ ಸರಿಯೆಂದೂ ಹೇಳಲಾರೆ.

ಇರಲಿ. ಒಂದು ಶನಿವಾರ ಸಂಜೆ ಹಾಲನ್ನು ಮಗನ ಕೈಲಿ ಡೇರಿಗೆ ಕಳಿಸಿ, "ಇವತ್ತು ನೀವು ಎದ್ದು ಹೋಗೋದೇ ಬೇಡ ಅತ್ತೆ" ಅಂತ ಟೀವಿಯ ಮುಂದೆ ಕೂರಿಸಿದೆ. ಟೆಂಟಿನ ನೆನಪಿಗೆ ಖಾರದ ಕಡ್ಲೆಪುರಿ ಮಾಡಿದ್ದೆ. ನೀವೂ ಮಾಡಿ ನೋಡಿ, ಹತ್ತು ನಿಮಿಷದ ಕೆಲಸ. ಒಂದು ಸೇರು ಕಡ್ಲೆಪುರಿಯನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಗರಿಗರಿಯಾಗುವಂತೆ ಬಿಸಿ ಮಾಡಿ ತೆಗೆದಿಡಿ. ಮೂರು ಚಮಚ ಎಣ್ಣೆಯಲ್ಲಿ ಒಂದು ಹಿಡಿ ಕಡ್ಲೆಕಾಯಿ ಬೀಜ ಹುರಿದು, ಜಜ್ಜಿದ ಬೆಳ್ಳುಳ್ಳಿ ಎಂಟು ಹತ್ತು ಎಸಳು ಸಿಪ್ಪೆ ಸಮೇತ ಹಾಕಿ. ಬೆಳ್ಳುಳ್ಳಿ ಕೆಂಪಾದ ಮೇಲೆ ಕರಿಬೇವು, ಮುರಿದ ಒಣಮೆಣಸಿನಕಾಯಿ, ಒಂದು ಹಿಡಿ ಹುರಿಗಡಲೆ. ಉರಿ ಆರಿಸಿ, ಆಮೇಲೆ ಅರಿಸಿನ, ಅಚ್ಚಖಾರದ ಪುಡಿ, ಉಪ್ಪು. ಉರಿಯ ಮೇಲೇ ಖಾರದ ಪುಡಿ ಹಾಕಿದರೆ ಸೀದು ಕೆಮ್ಮು ಬರುತ್ತೆ. ಕೊನೆಗೆ ಪುರಿ ಸುರಿದು ಕಲಸಿ. ಆರಿದ ಮೇಲೆ ಡಬ್ಬಿಗೆ ತುಂಬಿದರೆ ವಾರ ಕೆಡುವುದಿಲ್ಲ.

ನಮ್ಮದು ಮೂರು ಸೀಡಿಯ ವೀಸಿಡಿ. ಮೊದಲನೆಯದು ಚೆನ್ನಾಗಿ ಓಡಿತು. ಎರಡನೆಯದೂ ಓಡಿತು. ಲಕ್ಷ್ಮಿ ಸತ್ತಳು, ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಡಾಕ್ಟರು ಕಣ್ಣು ಉಜ್ಜಬೇಡಿ ಅಂದಿದ್ದಾರೆ ಅಂತ ನಾನು ಬೈದೆ. ಹೊರಗೆ ಜಗಲಿಯಲ್ಲಿ ಕೂತಿದ್ದ ಇವರು ಯಾವಾಗಲೋ ಬಂದು ಬಾಗಿಲಿಗೊರಗಿ ನಿಂತಿದ್ದರು. ಮೂರನೆಯ ಸೀಡಿ ಹಾಕಿದೆ. ಅಕ್ಕನ ಮಗ ಬಂದು ರಾಜೀವನ ಮುಂದೆ ನಿಂತ, ಬಾಯಿ ತೆರೆದ, ಅಷ್ಟೇ! ಚಿತ್ರ ಅಲ್ಲೇ ನಿಂತುಬಿಟ್ಟಿತು. ಮತ್ತೆ ಹಾಕಿದೆ, ಮತ್ತೆ ಅಲ್ಲೇ ನಿಂತಿತು.

"ಬುಡವ್ವ, ನನ್ನ ಹಣೆಬರಾನೇ ಅಷ್ಟು" ಅಂತ ಅತ್ತೆ ಕಡ್ಲೆಪುರಿಯ ತಟ್ಟೆ ಕೆಳಗಿಟ್ಟರು.

ನಾನು ಬಿಡಲಿಲ್ಲ. ಸೀಡಿ ತೊಳೆಯುವ ಬಗೆ ರಿಪೇರಿಯವನು ಹೇಳಿಕೊಟ್ಟಿದ್ದ, ನಿಮಗೂ ಹೇಳುತ್ತೇನೆ. ಸೀಡಿಯನ್ನು ಅಂಚಿನಲ್ಲೇ ಹಿಡಿಯಬೇಕು, ಮುಖಕ್ಕೆ ಬೆರಳು ತಾಗಿಸಬಾರದು. ಉಗುರು ಬೆಚ್ಚಗಿನ ನೀರಿಗೆ ಒಂದೇ ತೊಟ್ಟು ಪಾತ್ರೆ ತೊಳೆಯುವ ಸೋಪಿನ ನೀರು ಬೆರೆಸಿ, ಮೆತ್ತನೆ ಹತ್ತಿ ಬಟ್ಟೆಯಲ್ಲಿ ಮಧ್ಯದ ತೂತಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ತಟ್ಟೆ ತೊಳೆದ ಹಾಗೆ ಸುತ್ತಲೂ ಉಜ್ಜಬಾರದು. ಸುತ್ತಲೂ ಗೀರು ಬಿದ್ದರೆ ಪ್ಲೇಯರಿಗೆ ಓದಲು ಬಹಳ ಕಷ್ಟ, ಅಡ್ಡ ಗೀರನ್ನು ಹೇಗೋ ದಾಟಿಕೊಳ್ಳುತ್ತದಂತೆ. ಬೂದಿ, ಸಬೀನ, ನಾರು ಬೇಡವೇ ಬೇಡ. ಇನ್ನೊಂದು ವಿಷಯ ನನಗೂ ಹೊಸದು. ವೀಸಿಡಿಯಲ್ಲಿ ಹೊಳೆಯುವ ಬದಿಗಿಂತ ಹೆಸರು ಅಚ್ಚಾದ ಬದಿಯನ್ನೇ ಹೆಚ್ಚು ಜೋಪಾನ ಮಾಡಬೇಕು. ಚಿತ್ರ ಇರುವ ಪೊರೆ ಆ ಹೆಸರಿನ ಅಚ್ಚಿನ ಕೆಳಗೇ ಇರುತ್ತೆ, ಅಲ್ಲಿ ಕೆರೆದರೆ ಮುಗಿಯಿತು. ಒರೆಸಿದ ಮೇಲೆ ನೆರಳಲ್ಲಿ ಪೂರ್ತಿ ಆರಿಸಿ ಹಾಕಬೇಕು. ಬಿಸಿಲಿಗಿಟ್ಟರೆ ಹಪ್ಪಳದ ಹಾಗೆ ಸೊಟ್ಟಗಾಗುತ್ತೆ.

ಅತ್ತೆಯ ಹಳೇ ಪತ್ತಲದ ತುಂಡಿನಲ್ಲೇ ಒರೆಸಿ, ಆರಿಸಿ, ದೇವರ ಹೆಸರು ಹೇಳಿ ಮತ್ತೆ ಹಾಕಿದೆ. ಚಿತ್ರ ಚೌಕ ಚೌಕವಾಗಿ ಒಡೆಯಿತು, ಒಂದೆರಡು ಮಾತು ನುಂಗಿತು, ಆದರೆ ಮುಂದಕ್ಕೆ ಹೋಯಿತು. ಅಕ್ಕನ ಮಗ ಆಡುವುದನ್ನೆಲ್ಲ ಆಡಿದ. ರಾಜೀವ ಮನೆ ಬಿಟ್ಟು ಹೊರಟ. ನಮ್ಮ ಮನೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ಮುಗಿದ ಮೇಲೆ ತಿರುಗಿ ನೋಡಿದರೆ ಬಾಗಿಲಲ್ಲಿ ಇವರಿಲ್ಲ. ಕೊಟ್ಟಿಗೆಯಲ್ಲಿ ಲೈಟು ಉರಿಯುತ್ತಿತ್ತು. ಆ ಹೊತ್ತಿನಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದರು. ನಾನು ಆಗಲೇ ಹಾಕಿದ್ದೆ.

ಬೆಳಗ್ಗೆ ಕಾಫಿಯ ಹೊತ್ತಿಗೆ ಅತ್ತೆ ನನ್ನ ಹತ್ತಿರ, "ನಿನ್ನ ಚಿಕ್ಕಮಾವನ ನಂಬರ್ ಅದಾ?" ಅಂದರು. ನಾನು ಹುಡುಕುವಷ್ಟರಲ್ಲಿ ಇವರೇ ತಮ್ಮ ಫೋನಿನಲ್ಲಿ ಹಚ್ಚಿದರು. ಹನ್ನೆರಡು ವರ್ಷವೂ ಆ ನಂಬರು ಅವರ ಫೋನಿನಲ್ಲಿತ್ತೆಂದು ನನಗೆ ಗೊತ್ತಿರಲಿಲ್ಲ. "ಚಿಕ್ಕಪ್ಪ, ನಾನು" ಅಂದರು. ಆಮೇಲೆ ಮಾತು ಹೊರಡಲಿಲ್ಲ. ಫೋನನ್ನು ಅತ್ತೆಯ ಕೈಗೆ ಕೊಟ್ಟುಬಿಟ್ಟರು.

ಅತ್ತೆ ಕ್ಷೇಮ ಸಮಾಚಾರವನ್ನೂ ಕೇಳಲಿಲ್ಲ. "ಕಂಡೆ ಕಣಪ್ಪ, ಕಡೆಗೂ ಕಂಡೆ. ಗಾಡಿಲಿ ನೀನು ಹೇಳಿದ್ದಂಗೇ ಅದೆ" ಅಂದರು.

ಹತ್ತು ದಿನ ಬಿಟ್ಟು ಚಿಕ್ಕಮಾವ ಬಂದರು. ಕೈಯಲ್ಲಿ ಒಂದು ಚೀಲ ಹಸಿಶುಂಠಿ, ಅವರೇ ಬೆಳೆದದ್ದು. ಜಗಲಿಯ ಮೇಲೆ ಕೂತರು. ಮಳೆ, ಬೆಳೆ, ಶುಂಠಿಯ ರೇಟು, ಮಗಳ ಬಾಣಂತನ, ಇಷ್ಟೇ ಮಾತು. ಲೆಕ್ಕದ ಮಾತು ಯಾರೂ ಎತ್ತಲಿಲ್ಲ. ಊಟಕ್ಕೆ ಏಳಿ ಅಂದೆ, "ಇನ್ನೊಂದಪ ಬತ್ತೀನಿ ಕಣವ್ವ" ಅಂದರು. ಕಾಫಿ ಕುಡಿದರು. ಎಲ್ಲ ಸರಿಹೋಯಿತು ಅಂತ ನಾನು ನಿಮಗೆ ಸುಳ್ಳು ಹೇಳುವುದಿಲ್ಲ. ಹನ್ನೆರಡು ವರ್ಷದ ಕೊಳೆ ಒಂದೇ ಒರೆಸಿಗೆ ಹೋಗುವಂಥದಲ್ಲ. ಆದರೆ ಹೊರಡುವಾಗ ಬಾಗಿಲಲ್ಲಿ ನಿಂತು, "ಅತ್ತಿಗೆ, ಆ ಪೆಟ್ಟಿಗೇಲಿ ಸಂಪತ್ತಿಗೆ ಸವಾಲ್ ಅದಾ?" ಅಂದರು.

"ಅದೆ. ಬಂದೇ ನೋಡ್ಬೇಕು, ಕೊಟ್ಟು ಕಳ್ಸಕ್ಕಿಲ್ಲ" ಅಂದರು ಅತ್ತೆ.

ಬಸ್ಸಿನ ತನಕ ಇವರು ಜೊತೆಗೆ ಹೋದರು. ಶುಂಠಿಯ ಚೀಲ ಖಾಲಿ ಮಾಡಿ ಅದರಲ್ಲಿ ನಮ್ಮ ಗದ್ದೆಯ ಅಕ್ಕಿ ತುಂಬಿ ಹೊತ್ತುಕೊಂಡು ಹೋಗಿದ್ದರು.

ಇನ್ನು ಕ್ಯಾಲೆಂಡರಿನ ಹಿಂದಿನ ಲೆಕ್ಕ. ಸೀಡಿಗೆ 330, ರಿಪೇರಿಗೆ 250, ರಿಮೋಟಿಗೆ 120, ಡಬ್ಬಿಗೆ 400, ಒಟ್ಟು 1,100 ರೂಪಾಯಿ. ಓಡಿದ ಸಿನಿಮಾ ಹದಿನೆಂಟು. ಹದಿನೈದು ರೂಪಾಯಿಯ ಸಿನಿಮಾ ಹೆಚ್ಚುಕಮ್ಮಿ 61 ರೂಪಾಯಿಗೆ ಬಿದ್ದಂತಾಯಿತು. ಕುಕ್ಕರು ಮುಂದಿನ ವರ್ಷಕ್ಕೆ ಹೋಯಿತು. ಆದರೆ ಮೊನ್ನೆ ತಿಂಗಳು ತಿರುಗಿಸುವಾಗ ನೋಡುತ್ತೇನೆ, ಆ ಲೆಕ್ಕದ ಮೇಲೆ ಯಾರೋ ಪೆನ್ಸಿಲಿನಲ್ಲೇ ಗೀಟು ಹಾಕಿ ಹೊಡೆದುಹಾಕಿದ್ದಾರೆ. ಯಾರೆಂದು ನಾನು ಕೇಳಲಿಲ್ಲ.

ನಿಮ್ಮ ಅಟ್ಟದ ಮೇಲೂ ಒಂದು ಪ್ಲೇಯರ್ ಇರಬಹುದು, ಒಂದಿಷ್ಟು ಸೀಡಿಗಳಿರಬಹುದು. ಇಳಿಸಿ ಧೂಳು ಒರೆಸಿ. ಮಧ್ಯದಿಂದ ಅಂಚಿಗೆ, ನೆನಪಿರಲಿ. ಮನೆಯ ಹಿರಿಯರನ್ನು, ಯಾವ ಸಿನಿಮಾ ಅರ್ಧಕ್ಕೆ ಎದ್ದು ಬಂದಿದ್ದಿರಿ ಅಂತ ಕೇಳಿ ನೋಡಿ. ಅವರು ಏನೆಂದರು ಅಂತ ನನಗೂ ಬರೆದು ತಿಳಿಸಿ.

ಮುಂದಿನ ಸಂಚಿಕೆಯಲ್ಲಿ ಶುಂಠಿ ತೊಕ್ಕು. ಒಂದು ಚೀಲ ಇದೆಯಲ್ಲ!